ಅಂಕಣದಿಂದ ಹೊರಗೆ ಬಂದ ಮೇಲೆ
(ಅಕ್ಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತಿನ ಮಾತನ್ನು ದೂರದ ಡೆನ್ಮಾರ್ಕಿನಿಂದ ಶುರು ಮಾಡುತ್ತೇನೆ. ಡೇನಿಯಲ್ ಆಗರ್ ಎಂಬ ಫುಟ್‌ಬಾಲ್ ಆಟಗಾರರೊಬ್ಬರಿದ್ದಾರೆ. 1984ರ ಡಿಸೆಂಬರ್ 12ರಂದು ಕೋಪನ್‌ಹೇಗನ್ ಪಕ್ಕದ ಹ್ವಿಡೋವ್ರೆಯಲ್ಲಿ ಹುಟ್ಟಿದವರು. ಬ್ರಾಂಡ್‌ಬಿ ಎಂಬ ಕ್ಲಬ್ಬಿನಲ್ಲಿ ಬೆಳೆದು, 2006ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದರು. ರಕ್ಷಣೆಯ ಸಾಲಿನ ಆಟಗಾರ. 2007ರ ಮೇ 1ರಂದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ಅವರು ಹೊಡೆದ ಗೋಲಿನಿಂದ ಲಿವರ್‌ಪೂಲ್ ಪಂದ್ಯವನ್ನು ಪೆನಾಲ್ಟಿವರೆಗೆ ಎಳೆದು, ಗೆದ್ದು, ಫೈನಲ್ ತಲುಪಿತು. ತಮ್ಮ ದೇಶದ ತಂಡಕ್ಕೆ 75 ಪಂದ್ಯ ಆಡಿದರು, ನಾಯಕರೂ ಆದರು. 2016ರ ಜೂನಿನಲ್ಲಿ, ಇನ್ನೂ 31 ವರ್ಷ ವಯಸ್ಸು, ಆಟ ಸಾಕೆಂದರು. ಮೈ ಕೇಳುತ್ತಿರಲಿಲ್ಲ.

ಈ ಆಗರ್ ಹಚ್ಚೆ ಹಾಕುವ ಕಸುಬನ್ನು ಕಲಿತು, ಅರ್ಹತೆ ಪಡೆದ ಕಲಾವಿದರು. ಆಟ ಬಿಟ್ಟ ಮೇಲೆ ಕಲಿತದ್ದಲ್ಲ, ಲಿವರ್‌ಪೂಲ್‌ಗೆ ಆಡುತ್ತಿದ್ದಾಗಲೇ ಕೈಗೆ ಬಂದಿತ್ತು. ಅವರ ಬೆನ್ನು, ತೋಳು, ಎಲ್ಲೆಲ್ಲೂ ಹಚ್ಚೆ. ಬಲಗೈ ಬೆರಳುಗಳ ಗೆಣ್ಣಿನ ಮೇಲೆ ಲಿವರ್‌ಪೂಲ್ ಅಭಿಮಾನಿಗಳು ಹಾಡುವ ಹಾಡಿನ ನಾಲ್ಕು ಮೊದಲಕ್ಷರಗಳಿವೆ. ಮೈಮೇಲೆ ಹಚ್ಚೆ ಇರುವ ಆಟಗಾರರು ಸಾವಿರಾರು ಮಂದಿ ಸಿಗುತ್ತಾರೆ. ಸೂಜಿಯನ್ನು ತಾವೇ ಕೈಗೆ ತೆಗೆದುಕೊಂಡವರು ಕಡಿಮೆ, ಅದರಲ್ಲೂ ಚಪ್ಪಾಳೆ ಜೋರಾಗಿದ್ದ ಕಾಲದಲ್ಲೇ ತೆಗೆದುಕೊಂಡವರು ಇನ್ನೂ ಕಡಿಮೆ. ನಾನು ಈ ಊರ ಹುಡುಗರಿಗೆ ಹೇಳಬೇಕೆಂದು ಬಂದಿರುವ ಮಾತು ಇದರಲ್ಲೇ ಇದೆ. ಹೇಳುವುದಕ್ಕೆ ಸ್ವಲ್ಪ ಸುತ್ತು ಬಳಸಬೇಕು.

ಆಗರ್ ಅವರ ಗಾಯಗಳ ಪಟ್ಟಿ ದೊಡ್ಡದು. 2007ರಲ್ಲಿ ಪಾದದ ಎಲುಬು ಮುರಿದು ಆ ಸಾಲಿನ ಬಹುಪಾಲು ಆಟವೇ ಹೋಯಿತು. 2009ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ. ಆಮೇಲೆ ಮಂಡಿ, ಮತ್ತೆ ಬೆನ್ನು. ಗುಂಡಿಗೆ ನಡುಗಿಸುವ ಸಂಗತಿ ಬೇರೆಯೇ ಇದೆ. ನಿವೃತ್ತರಾದ ವರ್ಷವೇ ಅವರು ಡೆನ್ಮಾರ್ಕಿನ ಪತ್ರಿಕೆಯೊಂದಕ್ಕೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದರು. ಆಟದಲ್ಲಿ ಉಳಿಯುವುದಕ್ಕಾಗಿ ವರ್ಷಗಟ್ಟಲೆ ಊತ ಇಳಿಸುವ, ನೋವು ಮುಚ್ಚುವ ಮಾತ್ರೆಗಳನ್ನು ಮಿತಿ ಮೀರಿ ನುಂಗಿದ್ದರು. 2015ರ ಮಾರ್ಚಿನಲ್ಲಿ ಕೋಪನ್‌ಹೇಗನ್ ತಂಡದ ವಿರುದ್ಧದ ಪಂದ್ಯಕ್ಕೆ ಹಾಗೆ ಮಾತ್ರೆ ತಿಂದೇ ಇಳಿದರು. ಮಂಪರು ಹತ್ತಿ, ಅರ್ಧ ಗಂಟೆ ತುಂಬುವುದರೊಳಗೆ ಮೈದಾನದಿಂದ ಹೊರಗೆ ಬರಬೇಕಾಯಿತು. ಇದನ್ನು ಹೇಳುವುದರಿಂದ ಅವರಿಗೆ ಲಾಭವೇನೂ ಇರಲಿಲ್ಲ. ಬೇರೆ ಆಟಗಾರರು ಎಚ್ಚೆತ್ತುಕೊಳ್ಳಲಿ ಎಂದು ಹೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಚೆಲ್ಸಿ ವಿರುದ್ಧದ ಗೋಲಿನಿಂದ ಅಲ್ಲ, ಈ ಮಾತಿನಿಂದ.

ಈಗ ನಮ್ಮ ಕಡೆಗೆ ಬರೋಣ. ಜಾತ್ರೆ, ಹಬ್ಬ, ನಾಯಕರ ಹುಟ್ಟುಹಬ್ಬ ಬಂತೆಂದರೆ ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರುತ್ತದೆ. ಗೆದ್ದವರಿಗೆ ನಗದು, ಜೊತೆಗೆ ಟಗರು. ಲೀಗ್ ಹಂತ ಮುಗಿಯುವ ಹೊತ್ತಿಗೆ ನಡುರಾತ್ರಿ, ಫೈನಲ್ ಆಡುವಾಗ ಕೋಳಿ ಕೂಗುತ್ತದೆ. ಮೂರನೇ ಪಂದ್ಯಕ್ಕೆ ಹುಡುಗನ ಕಾಲು ಊದಿಕೊಂಡಿರುತ್ತದೆ. ಜೇಬಿನಲ್ಲಿ ನೋವಿನ ಮಾತ್ರೆ, ಇಲ್ಲವೇ ಯಾರೋ ಗೊತ್ತಿರುವವರಿಂದ ಒಂದು ಇಂಜೆಕ್ಷನ್. ನೋವು ಎಂಬುದು ಮೈ ಕೊಡುವ ಸುದ್ದಿ. ಸುದ್ದಿಯ ಬಾಯಿ ಮುಚ್ಚಿ ಆಡಿದರೆ ಒಳಗೆ ಹರಿಯುವುದು ಇನ್ನಷ್ಟು ಹರಿಯುತ್ತದೆ. ದೈಹಿಕ ಶಿಕ್ಷಕನಾಗಿ ದುಡಿದ ನಾನು ಇದನ್ನು ಮೈದಾನದ ಅಂಚಿನಲ್ಲಿ ನಿಂತು ಕಣ್ಣಾರೆ ಕಂಡಿದ್ದೇನೆ.

ಮಂಡಿಯ ಒಳಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಆಟದಲ್ಲಿ ಹೆಚ್ಚಿನ ಹುಡುಗರು ಹೊರಗೆ ಬೀಳುವುದು ಇದರಿಂದಲೇ. ತೊಡೆಯ ಎಲುಬನ್ನೂ ಕಾಲಿನ ಎಲುಬನ್ನೂ ಮಂಡಿಯ ನಡುವೆ ಅಡ್ಡಡ್ಡವಾಗಿ ಬಿಗಿದಿರುವ ಎರಡು ಗಟ್ಟಿ ಪಟ್ಟಿಗಳಿವೆ. ಮುಂದಿನದನ್ನು ವೈದ್ಯರು ಎಸಿಎಲ್ ಎನ್ನುತ್ತಾರೆ. ರೈಡಿಗೆ ಹೋದವನು ಒಂದು ಕಾಲನ್ನು ನೆಲಕ್ಕೆ ಊರಿ ಮೈ ತಿರುಗಿಸುತ್ತಾನೆ, ಅದೇ ಗಳಿಗೆಯಲ್ಲಿ ಎದುರಿನವನು ಪಾದ ಹಿಡಿಯುತ್ತಾನೆ. ಪಾದ ನಿಂತಿತು, ಮೈ ತಿರುಗಿತು, ನಡುವಿನ ಪಟ್ಟಿ ಹರಿಯಿತು. ಎಷ್ಟೋ ಸಲ ಟಪ್ ಎಂಬ ಸದ್ದೇ ಕೇಳುತ್ತದೆ. ಎಕ್ಸ್‌ರೇ ತೆಗೆಸಿದರೆ ಎಲುಬು ಸರಿಯಾಗಿದೆ ಎಂದು ಬರುತ್ತದೆ, ಏಕೆಂದರೆ ಎಕ್ಸ್‌ರೇಗೆ ಈ ಪಟ್ಟಿ ಕಾಣುವುದಿಲ್ಲ. ಎಂಆರ್‌ಐ ಆಗಬೇಕು. ಮನೆಯವರು ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸುತ್ತಾರೆ. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ಹುಡುಗ ನಡೆಯುತ್ತಾನೆ, ಓಡುತ್ತಾನೆ, ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ಎರಡನೇ ಸಲ ಮಂಡಿ ಜಾರಿದಾಗ ಎಲುಬುಗಳ ನಡುವಿನ ಮೆತ್ತೆಯೂ ಹರಿದಿರುತ್ತದೆ. ಆ ಮಂಡಿ ಮೊದಲಿನಂತಾಗುವುದು ಬಲು ಕಷ್ಟ.

ಪವನ್ ಸೆಹ್ರಾವತ್ ನಿಮಗೆಲ್ಲ ಗೊತ್ತು. ಪ್ರೊ ಕಬಡ್ಡಿಯ ಆರನೇ ಆವೃತ್ತಿಯಲ್ಲಿ, 2019ರ ಜನವರಿಯಲ್ಲಿ, ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟವರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ, ಇಲ್ಲೇ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ, ಮೊದಲ ಪಂದ್ಯದಲ್ಲೇ ಮಂಡಿ ಹೋಯಿತು. ಇಡೀ ಆವೃತ್ತಿ ಕೈತಪ್ಪಿತು. ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ತಿಂಗಳುಗಟ್ಟಲೆ ಆರೈಕೆ ಎಲ್ಲ ಆಗಿ, 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು. ಅದು ಅವರ ಛಲ, ಅನುಮಾನವೇ ಇಲ್ಲ. ಜೊತೆಗೆ ಒಳ್ಳೆಯ ವೈದ್ಯರಿದ್ದರು, ಕಾಯುವಷ್ಟು ಹಣವಿತ್ತು, ಹಿಂದೆ ನಿಂತವರಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುಮನೆಗೆ ಹಾಕಿ ಸಂಜೆ ಪ್ರಾಕ್ಟೀಸಿಗೆ ಬರುವ ನಮ್ಮ ಹುಡುಗನಿಗೆ ಇವುಗಳಲ್ಲಿ ಯಾವುದಿದೆ?

ಮಂಡಿ ಹೋದ ಮೇಲೆ ಅವನ ಪಾಡೇನು? ಮೊದಲ ಒಂದು ತಿಂಗಳು ಗೆಳೆಯರು ಮನೆಗೆ ಬರುತ್ತಾರೆ. ಆಮೇಲೆ ಟೂರ್ನಮೆಂಟ್ ಬರುತ್ತದೆ, ಗೆಳೆಯರು ಹೋಗುತ್ತಾರೆ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಅರ್ಧಕ್ಕೆ ನಿಂತಿರುತ್ತದೆ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗಬಹುದು, ರೈಲ್ವೆ ಸೇರಬಹುದು ಎಂಬ ಆಸೆಯ ಮೇಲೆ ಮನೆಯವರು ಓದು ಬಿಡಿಸಿದ್ದರು. ಈಗ ಓಡಿ ತೋರಿಸಲು ಕಾಲಿಲ್ಲ. ಬಿಡದಿಯ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಎಂಟು ಗಂಟೆ ನಿಲ್ಲಬೇಕು. ಊರು ಅವನನ್ನು ಮರೆಯುವುದಿಲ್ಲ, ಎಂಥಾ ಆಟ ಆಡ್ತಿದ್ದ ಅಂತ ನೆನೆಸಿಕೊಳ್ಳುತ್ತದೆ. ಬದುಕಿರುವ ಹುಡುಗನ ಬಗ್ಗೆ ಊರು ಹೀಗೆ ಭೂತಕಾಲದಲ್ಲಿ ಮಾತಾಡುವುದನ್ನು ಕೇಳಿ ಕೇಳಿ ನನ್ನ ಮನಸ್ಸು ಕಹಿಯಾಗಿದೆ.

ಇನ್ನು ಹಚ್ಚೆಯ ಮಾತು. ಇದು ಡೆನ್ಮಾರ್ಕಿನಿಂದ ಬರಬೇಕಾದ ವಿದ್ಯೆಯೇನಲ್ಲ. ನನ್ನ ಅಜ್ಜಿಯ ಎಡ ಮುಂಗೈಯಲ್ಲಿ ತುಳಸಿಕಟ್ಟೆ ಇತ್ತು, ಅದರ ಎರಡೂ ಬದಿಗೆ ಒಂದೊಂದು ಚೇಳು. ಗದ್ದದ ಮೇಲೆ ಮೂರು ಚುಕ್ಕೆ. ಎಳೆವಯಸ್ಸಿನಲ್ಲಿ ಹಾಕಿಸಿದ್ದು. ಮುಪ್ಪಿನಲ್ಲಿ ಚರ್ಮ ಸುಕ್ಕುಗಟ್ಟಿ ಗೆರೆಗಳು ಹರಡಿ ಹಸಿರುನೀಲಿಯಾಗಿದ್ದವು, ಆದರೂ ಚೇಳಿನ ಕೊಂಡಿ ಯಾವುದು, ಕಾಲು ಯಾವುದು ಎಂದು ಗುರುತಿಸಬಹುದಿತ್ತು. ಮೈಮೇಲಿನ ಒಡವೆಯೆಲ್ಲ ಸತ್ತಾಗ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂಬುದು ಆ ಕಾಲದ ಹೆಂಗಸರ ನಂಬಿಕೆ. ಹಾಕುತ್ತಿದ್ದವರು ಊರೂರು ಅಲೆಯುತ್ತಿದ್ದ ಕೊರಮ ಹೆಂಗಸರು. ದೀಪದ ಮಸಿಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಕಲಸಿ, ಸೂಜಿಗಳನ್ನು ಸೇರಿಸಿ ಕಟ್ಟಿ, ಹಾಡು ಹೇಳುತ್ತ, ಅಳುವ ಹುಡುಗಿಯ ಗಮನ ತಪ್ಪಿಸುತ್ತ ಚುಚ್ಚುತ್ತಿದ್ದರು. ಕೂಲಿಗೆ ರಾಗಿ, ಇಲ್ಲವೇ ಹಳೆಯ ಸೀರೆ. ಎಡ್ಗರ್ ಥರ್ಸ್‌ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಕೊರವ ಹೆಂಗಸರ ಈ ಕಸುಬಿನ ಮಾತು ಬರುತ್ತದೆ. ಅವರ ಕೈಚಳಕವನ್ನು ಬೇಕಾದಾಗ ಬಳಸಿಕೊಂಡ ಊರು ಅವರನ್ನು ಊರ ಹೊರಗೇ ಇಟ್ಟಿತು, ಇಡೀ ಸಮುದಾಯವನ್ನೇ ಬ್ರಿಟಿಷರ ಕಾನೂನು ಅಪರಾಧಿಗಳೆಂದು ಕರೆಯಿತು. ಇವತ್ತು ಬೆಂಗಳೂರಿನ ಗಾಜಿನ ಬಾಗಿಲ ಸ್ಟುಡಿಯೋಗಳಲ್ಲಿ ಅದೇ ಕೆಲಸಕ್ಕೆ ಸಾವಿರಗಟ್ಟಲೆ ಎಣಿಸಿ ಕೊಡುತ್ತಾರೆ. ಆ ಹೆಂಗಸರ ಮೊಮ್ಮಕ್ಕಳಿಗೆ ಈ ಹಣದಲ್ಲಿ ಪಾಲು ಸಿಕ್ಕಿಲ್ಲ. ಇದನ್ನು ಹೇಳದೆ ಹಚ್ಚೆಯ ಹಿರಿಮೆ ಹೇಳುವುದು ನನ್ನಿಂದ ಆಗದು.

ಮಷೀನಿನ ಕಥೆ ಚಿಕ್ಕದು. ಥಾಮಸ್ ಎಡಿಸನ್ 1876ರಲ್ಲಿ ಕಾಗದಕ್ಕೆ ಸಣ್ಣ ತೂತು ಹೊಡೆದು ನಕಲು ತೆಗೆಯುವ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದರು. ಅದೇ ಉಪಾಯವನ್ನು ಬಳಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರ ಡಿಸೆಂಬರ್ 8ರಂದು ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಂದಿನ ಮಷೀನುಗಳು ಅದರ ಮಕ್ಕಳು, ಮೊಮ್ಮಕ್ಕಳು.

ಸೂಜಿ ಇಳಿಯುವುದು ಒಂದರಿಂದ ಎರಡು ಮಿಲಿಮೀಟರ್, ಅಷ್ಟೆ. ಮೇಲ್ಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಶಾಯಿ ಅಲ್ಲೇ ನಿಂತರೆ ಉದುರಿಹೋಗುತ್ತದೆ. ತೀರ ಆಳಕ್ಕೆ ಹೋದರೆ ಹರಡಿ ಮಸುಕಾಗುತ್ತದೆ, ಗಾಯದ ಗಂಟು ಉಳಿಯುತ್ತದೆ. ನಡುವಿನ ಪದರದಲ್ಲೇ ನಿಲ್ಲಬೇಕು. ಅಲ್ಲಿ ನಮ್ಮ ಮೈಯ ಕಾವಲು ಕಣಗಳು ಶಾಯಿಯನ್ನು ಹೊರಗಿನಿಂದ ಬಂದದ್ದೆಂದು ತಿಳಿದು ನುಂಗುತ್ತವೆ, ಕರಗಿಸಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. ಒಂದು ಕಣ ಸತ್ತರೆ ಅದು ಬಿಟ್ಟ ಶಾಯಿಯನ್ನು ಪಕ್ಕದ ಇನ್ನೊಂದು ಕಣ ನುಂಗುತ್ತದೆ. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇದನ್ನು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ನನ್ನ ಅಜ್ಜಿಯ ಚೇಳು ಅಷ್ಟು ವರ್ಷ ಹೀಗೆ ಕೈಯಿಂದ ಕೈಗೆ ದಾಟುತ್ತಲೇ ಉಳಿದಿತ್ತು ಎಂದು ತಿಳಿದಾಗ ನನಗೆ ಬೆರಗಾಯಿತು.

ಎರಡು ಮಿಲಿಮೀಟರಿನ ಒಳಗೆ ಕೈಯನ್ನು ಹಿಡಿತದಲ್ಲಿಡುವ ವಿದ್ಯೆಯನ್ನು ಪುಸ್ತಕ ಕಲಿಸಲಾರದು. ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೋಡಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರಲ್ಲ, ಉಜ್ಜಿದ ಕಾವಿಗೆ ಅರಗು ಕರಗಿ ಹಿಡಿಯುತ್ತದೆ. ಮೆಲ್ಲಗೆ ಒತ್ತಿದರೆ ಬಣ್ಣ ಹತ್ತದು, ಜೋರಾಗಿ ಒತ್ತಿದರೆ ಗಂಟುಗಟ್ಟುತ್ತದೆ. ಎಷ್ಟು ಒತ್ತಬೇಕೆಂದು ಕೈಯೇ ಹೇಳಬೇಕು. ಸೂಜಿಯ ಕೆಲಸವೂ ಅಂಥದ್ದೇ. ಕಲಿಯುವವರು ಮೊದಲು ಕಾಗದದ ಮೇಲೆ ಗೆರೆ ಎಳೆದು, ಆಮೇಲೆ ರಬ್ಬರಿನಂಥ ನಕಲಿ ಚರ್ಮದ ಮೇಲೆ, ಹಣ್ಣಿನ ಸಿಪ್ಪೆಯ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಡುಗದ ಒಂದು ಉದ್ದ ಗೆರೆ ಬರುವವರೆಗೂ ಗುರು ಮನುಷ್ಯರ ಮೈ ಮುಟ್ಟಗೊಡುವುದಿಲ್ಲ.

ಆಟಗಾರನಿಗೆ ಇಲ್ಲಿ ಒಂದು ಕೂಡಿಟ್ಟ ಗಂಟು ಇದೆ. ದಿನವೂ ಅದದೇ ಅಭ್ಯಾಸವನ್ನು ಬೇಸರಿಸದೆ ಮಾಡುವುದು ಅವನಿಗೆ ಹೊಸದಲ್ಲ. ಮೈಯ ನಡೆ ಅವನಿಗೆ ಗೊತ್ತು. ತೋಳು ಎತ್ತಿದಾಗ ಭುಜದ ಚರ್ಮ ಎತ್ತ ಎಳೆಯುತ್ತದೆ, ಮೊಣಕೈ ಮಡಿಸಿದಾಗ ಎಲ್ಲಿ ಮಡಿಕೆ ಬೀಳುತ್ತದೆ ಎಂಬುದನ್ನು ಅವನು ತನ್ನ ಮೈಯಲ್ಲೇ ಓದಿದ್ದಾನೆ. ಒಳ್ಳೆಯ ಕಲಾವಿದರು ಸ್ಟೆನ್ಸಿಲ್ ಅಂಟಿಸುವಾಗ ಗಿರಾಕಿಯನ್ನು ಕೂರಿಸಿ ಅಂಟಿಸುವುದಿಲ್ಲ, ಸಹಜವಾಗಿ ನಿಲ್ಲಿಸಿ ಅಂಟಿಸುತ್ತಾರೆ. ಇಲ್ಲದಿದ್ದರೆ ಎದ್ದು ನಿಂತ ಕೂಡಲೇ ಹುಲಿಯ ಮುಖ ಸೊಟ್ಟಗಾಗುತ್ತದೆ. ಇನ್ನು ನೋವಿನ ಎದುರು ಕುಳಿತಿರುವ ಮನುಷ್ಯ. ಊಟ ಮಾಡದೆ ಬಂದವನ ಮುಖ ಬಿಳಿಚಿಕೊಳ್ಳುವುದನ್ನು, ಉಸಿರು ಬಿಗಿಹಿಡಿಯುವುದನ್ನು ಆಟಗಾರ ದೂರದಿಂದಲೇ ಕಂಡುಹಿಡಿಯುತ್ತಾನೆ. ನಿಲ್ಲಿಸಿ, ನೀರು ಕೊಟ್ಟು, ಉಸಿರು ಬಿಡು ಅನ್ನುತ್ತಾನೆ. ಈ ವಿವೇಕವನ್ನು ಯಾವ ಕೋರ್ಸಿನಲ್ಲೂ ಮಾರುವುದಿಲ್ಲ.

ಆದರೆ ಕಣ್ಣು ಮುಚ್ಚಿಕೊಂಡು ಶಿಫಾರಸು ಮಾಡಲಾರೆ. ಮಂಡಿ ಹೋದವನಿಗೆ ಈ ಕೆಲಸ ಒಗ್ಗುತ್ತದೆ. ಬೆನ್ನು ಹೋದವನಿಗೆ ಕಷ್ಟ, ಏಕೆಂದರೆ ಬಗ್ಗಿ ಕುಳಿತು ಗಂಟೆಗಟ್ಟಲೆ ಮಾಡುವ ಕೆಲಸ ಕತ್ತನ್ನೂ ಸೊಂಟವನ್ನೂ ಮಣಿಕಟ್ಟನ್ನೂ ಹಿಂಡುತ್ತದೆ. ಶುಚಿತ್ವವಂತೂ ಪ್ರಾಣದ ಪ್ರಶ್ನೆ. ಜಾತ್ರೆಯಲ್ಲಿ ಬ್ಯಾಟರಿಗೆ ಸಿಕ್ಕಿಸಿದ ಮಷೀನಿನಿಂದ, ಒಂದೇ ಸೂಜಿಯಲ್ಲಿ, ಒಂದೇ ಶಾಯಿ ಬುಡ್ಡಿಯಲ್ಲಿ ಸಾಲಾಗಿ ಚುಚ್ಚಿಸಿಕೊಳ್ಳುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಹಾಗೆ ದಾಟಬಲ್ಲವು. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬ ನಿಯಮ ನಮ್ಮ ದೇಶದಲ್ಲಿರುವುದು ಇದೇ ಕಾರಣಕ್ಕೆ. ಶಾಯಿಯ ವಿಷಯದಲ್ಲಿ ಯುರೋಪ್ ಒಕ್ಕೂಟ 2022ರ ಜನವರಿಯಿಂದ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮಲ್ಲಿ ಆರೋಗ್ಯ ಇಲಾಖೆ ಶಾಯಿಯ ಮಾದರಿಗಳಲ್ಲಿ ಭಾರಲೋಹಗಳಿರುವುದನ್ನು ಕಂಡು 2025ರಲ್ಲಿ ಕೇಂದ್ರದ ಗಮನಕ್ಕೆ ತಂದಿತು. ಕಾನೂನು ಬರಲಿ, ಬೇಗ ಬರಲಿ. ಕಸುಬು ನೆಚ್ಚಿಕೊಂಡು ನೆಟ್ಟಗೆ ಕೆಲಸ ಮಾಡುವವರಿಗೆ ಅದರಿಂದ ನಷ್ಟವಿಲ್ಲ.

ಹುಡುಗರಿಗೆ ಇನ್ನೊಂದು ಎಚ್ಚರಿಕೆ. ಸೇನೆಗೆ ಸೇರುವ ಆಸೆ ಇರುವವರು ಮೈ ತುಂಬ ಹಚ್ಚೆ ಹಾಕಿಸಿಕೊಳ್ಳಬೇಡಿ. ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಸೇನೆ ಒಪ್ಪುತ್ತದೆ. ಬುಡಕಟ್ಟಿನವರಿಗೆ ಅವರ ಪದ್ಧತಿಯಂತೆ ವಿನಾಯಿತಿ ಇದೆ. ಕುತ್ತಿಗೆಯ ಮೇಲೆ ಪ್ರೀತಿಸಿದವಳ ಹೆಸರು ಬರೆಸಿಕೊಂಡು, ಓಟದಲ್ಲಿ ಗೆದ್ದು, ವೈದ್ಯಕೀಯ ಪರೀಕ್ಷೆಯಲ್ಲಿ ಹೊರಗೆ ಬಂದರೆ ಯಾರನ್ನು ಕೇಳುವುದು?

ಹೊರಗಿನ ಇನ್ನಿಬ್ಬರ ಮಾತು ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಕೇರಿ ಹಾರ್ಟ್ ಮೋಟಾರ್ ಸೈಕಲ್ಲಿನಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ಸಾಹಸಿ. 2001ರ ಎಕ್ಸ್ ಗೇಮ್ಸ್‌ನಲ್ಲಿ ಮೇಲಿನಿಂದ ಬಿದ್ದು ಮೈಯ ಎಲುಬುಗಳು ಮುರಿದವು. 2004ರಲ್ಲಿ ಲಾಸ್ ವೇಗಸ್ಸಿನಲ್ಲಿ ಪಾಲುದಾರರೊಂದಿಗೆ ಹಚ್ಚೆ ಅಂಗಡಿ ತೆರೆದರು. ಹೆಸರು ಅವರದು, ಸೂಜಿ ಹಿಡಿಯುವವರು ಬೇರೆಯವರು. ಅದು ವ್ಯಾಪಾರ, ತಪ್ಪೇನಿಲ್ಲ, ಆದರೆ ಹೆಸರೂ ಬಂಡವಾಳವೂ ಇದ್ದವರಿಗೆ ಮಾತ್ರ ದಕ್ಕುವ ದಾರಿ. ಇನ್ನೊಬ್ಬರು ಫ್ರಾನ್ಸಿನ ಲಿಯೋನ್ ನಗರದ ಜೆ.ಸಿ. ಶೈತಾನ್ ತೆನೆ. ಕ್ರೀಡಾಪಟುವಲ್ಲ. ಬಾಲ್ಯದಲ್ಲೇ ಬಲಗೈ ಕಳೆದುಕೊಂಡವರು, ಎಡಗೈಯಲ್ಲೇ ಹಚ್ಚೆ ಕಲಿತರು. 2016ರಲ್ಲಿ ಜೆ.ಎಲ್. ಗೊಂಜಾಲ್ ಎಂಬ ಕಲಾವಿದ ಅವರ ಮೊಂಡು ತೋಳಿಗೆ ಹಚ್ಚೆ ಮಷೀನನ್ನೇ ಕೂಡಿಸಿದ ಕೃತಕ ಕೈ ಮಾಡಿಕೊಟ್ಟರು. ಲೋಕವೆಲ್ಲ ಆ ಲೋಹದ ಕೈಯನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟಿತು. ನಾನು ಮಾತ್ರ ಅದಕ್ಕೂ ಮೊದಲು ಎಡಗೈಯಲ್ಲಿ ಅವರು ಕಳೆದ ವರ್ಷಗಳನ್ನು ನೆನೆಯುತ್ತೇನೆ.

ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್ ಅವರನ್ನು ಮರೆಯುವುದು ಹೇಗೆ? ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಬತ್ತಿತ್ತು. ಆ ಕೈಯಲ್ಲೇ ಬೌಲ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಉರುಳಿಸಿ, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಚೆಂಡು ಎಸೆಯಲು ಎಡಗೈ, ತಿರುಗಿಸಲು ಬಲಗೈ. ಮೈಯಲ್ಲಿ ಏನು ಉಳಿದಿದೆಯೋ ಅದಕ್ಕೆ ಕೆಲಸ ಹುಡುಕಿಕೊಂಡವರು ಅವರು. ಗಾಯಗೊಂಡ ಹುಡುಗನ ಮನೆಗೆ ಹೋದಾಗ ನಾವೆಲ್ಲ ಕೇಳುವುದು ಏನು ಹೋಯಿತು ಎಂದೇ. ಏನು ಉಳಿದಿದೆ ಎಂದು ಕೇಳುವವರು ಕಡಿಮೆ.

ಮತ್ತೆ ಆಗರ್ ಅವರ ಹತ್ತಿರ ಬರುತ್ತೇನೆ. ಹಚ್ಚೆ ಕಲಾವಿದರನ್ನೂ ಗಿರಾಕಿಗಳನ್ನೂ ಬೆಸೆಯುವ ಟ್ಯಾಟೂಡೂ ಎಂಬ ಕೋಪನ್‌ಹೇಗನ್ನಿನ ಕಂಪನಿಯಲ್ಲಿ ಅವರು ಪಾಲುದಾರರಾದರು. ಅಣ್ಣತಮ್ಮ ಸೇರಿ ಇನ್ನೊಂದು ಕಂಪನಿ ನಡೆಸಿದರು. ಅದು ಚರಂಡಿ, ಒಳಚರಂಡಿ ಕೊಳವೆಗಳ ಕೆಲಸದ ಕಂಪನಿ. ಒಂದು ದೇಶದ ತಂಡದ ನಾಯಕರಾಗಿದ್ದವರು ಆ ಕೆಲಸಕ್ಕೆ ತಮ್ಮ ಮನೆತನದ ಹೆಸರನ್ನೇ ಜೋಡಿಸಿಟ್ಟರು. ಆಮೇಲೆ 2021ರಲ್ಲಿ ಎಚ್‌ಬಿ ಕ್ಯೋಗೆ ಎಂಬ ತಂಡಕ್ಕೆ ತರಬೇತುದಾರರೂ ಆದರು. ಎಲ್ಲವನ್ನೂ ಮಾಡುವಷ್ಟು ಹಣ ಅವರಿಗಿತ್ತು, ಒಪ್ಪುತ್ತೇನೆ. ಹಣವಿದ್ದವರೂ ಆಟ ನಿಂತ ಮೇಲೆ ಮಂಕು ಕವಿದು ಕೂತ ಉದಾಹರಣೆಗಳು ಬೇಕಾದಷ್ಟಿವೆ. ಆಗರ್ ಅವರನ್ನು ಕಾಪಾಡಿದ್ದು, ನನ್ನ ಮಟ್ಟಿಗೆ, ಫುಟ್‌ಬಾಲ್ ಆಡುತ್ತಿದ್ದಾಗಲೇ ಅದರಾಚೆಗೆ ಅವರ ಕೈಗೆ ಬೇರೆಯದೊಂದು ರುಚಿ ಹತ್ತಿದ್ದು. ಗಾಯವಾದ ಮೇಲೆ, ಮನಸ್ಸು ಮುರಿದು ಹಾಸಿಗೆ ಹಿಡಿದವನಿಗೆ ಹೊಸ ಕಸುಬು ಕಲಿ ಎಂದರೆ ಅದು ಅವನ ಕಿವಿಗೆ ಸಮಾಧಾನದ ಮಾತಾಗಿ ಬೀಳುತ್ತದೆ. ಆಡುತ್ತಿರುವವನಿಗೆ, ಗೆಲ್ಲುತ್ತಿರುವವನಿಗೆ ಕಲಿಸಿದರೆ ಅದು ಇನ್ನೊಂದು ಆಟವಾಗಿ ಹಿಡಿಸುತ್ತದೆ.

ಸರ್ಕಾರದ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳಿಗ್ಗೆ ಅಭ್ಯಾಸ, ನಡುವೆ ಶಾಲೆ, ಸಂಜೆ ಮತ್ತೆ ಅಭ್ಯಾಸ. ಕೈಕೆಲಸಕ್ಕೆಂದು ಆ ದಿನಚರಿಯಲ್ಲಿ ಒಂದು ಹೊತ್ತು ಸೇರಬೇಕು. ಹಚ್ಚೆಯೇ ಆಗಬೇಕೆಂದು ಹಟವಿಲ್ಲ. ಬೊಂಬೆ ಕೆಲಸವಾಗಲಿ, ಹೊಲಿಗೆಯಾಗಲಿ, ಮಸಾಜು ಮತ್ತು ಫಿಸಿಯೋಥೆರಪಿಯ ನೆರವಿನ ಕೆಲಸವಾಗಲಿ, ಮೋಟಾರು ರಿಪೇರಿಯಾಗಲಿ. ಚನ್ನಪಟ್ಟಣದಲ್ಲಿ ಅರಗಿನ ಕೆಲಸ ಕಲಿಸುವ ಕೇಂದ್ರ ಇದ್ದೇ ಇದೆ, ಅಲ್ಲಿಗೂ ಮೈದಾನಕ್ಕೂ ನಂಟು ಬೆಸೆಯುವವರು ಬೇಕು. ಇನ್ನು ಶಾಲೆಗಳ ಮಾತು. ನಾವು ಪಿ.ಟಿ. ಮೇಷ್ಟ್ರು ಮತ್ತು ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನ ಒಂದೇ ಮೂಲೆಯಲ್ಲಿ ಕೂರುವವರು. ಪಾಠ ಮುಗಿದಿಲ್ಲವೆಂದರೆ ಮೊದಲು ಹೋಗುವುದು ನಮ್ಮ ಪೀರಿಯಡ್ಡು. ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಶಾಲೆಗಳು ಎಷ್ಟೋ ಇವೆ. ಓಡುವ ಹುಡುಗನಿಗೆ ಪೆನ್ಸಿಲ್ ಹಿಡಿಯಲು ಕಲಿಸಿದ್ದರೆ ಮುಂದೊಂದು ದಿನ ಸೂಜಿ ಹಿಡಿಯುತ್ತಿದ್ದನೋ, ಉಳಿ ಹಿಡಿಯುತ್ತಿದ್ದನೋ, ಅವನ ಕೈಗಂತೂ ಒಂದು ದಾರಿ ಇರುತ್ತಿತ್ತು.

ಶಸ್ತ್ರಚಿಕಿತ್ಸೆಯ ಗುರುತಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬಹುದೇ ಎಂದು ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಹುಡುಗ ನನ್ನನ್ನು ಕೇಳಿದ. ಹಾಕಿಸಬಹುದು ತಮ್ಮ. ಹೊಲಿಗೆ ಬಿಚ್ಚಿ ಸುಮಾರು ಒಂದು ವರ್ಷ ಕಾಯಬೇಕು. ಗುರುತು ಕೆಂಪು ಹೋಗಿ, ಮೆತ್ತಗಾಗಿ, ಚಪ್ಪಟೆಯಾಗಬೇಕು. ಗುರುತು ಉಬ್ಬಿ ಗಂಟಾಗುವ ಮೈಯವರು ಹಾಕಿಸಲೇಬಾರದು, ಚರ್ಮದ ವೈದ್ಯರನ್ನು ಮೊದಲು ಕೇಳು. ಮೊದಲು ಮಂಡಿಯ ವ್ಯಾಯಾಮ ಮುಗಿಸು.

ಕೊನೆಗೆ ದತ್ತಿ ಸಮಿತಿಯವರಲ್ಲಿ ಒಂದು ಕೋರಿಕೆ. ನನಗೆ ಕೊಡಬೇಕೆಂದಿರುವ ಗೌರವಧನವನ್ನು ನಾನು ತೆಗೆದುಕೊಳ್ಳುವುದಿಲ್ಲ. ಈ ಹಣಕ್ಕೆ ಇನ್ನಷ್ಟು ಸೇರಿಸಿ, ಈ ಸಾಲಿನಲ್ಲಿ ಗಾಯಗೊಂಡ ಒಬ್ಬ ಹುಡುಗನ ಇಲ್ಲವೇ ಹುಡುಗಿಯ ಎಂಆರ್‌ಐ ಖರ್ಚಿಗೂ, ಅವರು ಆಯ್ದ ಕಸುಬಿನ ಮೊದಲ ಆರು ತಿಂಗಳ ತರಬೇತಿಗೂ ಕೊಡಿ. ಮುಂದಿನ ವರ್ಷದ ಉಪನ್ಯಾಸಕ್ಕೆ ನನ್ನಂಥವರನ್ನು ಕರೆಯುವ ಬದಲು ಅವರನ್ನೇ ಕರೆದು ಅರ್ಧ ಗಂಟೆ ಮಾತಾಡಿಸಿ. ಸಮಿತಿಯ ಕಾರ್ಯದರ್ಶಿಗಳು ಹೆಸರು ಬರೆದುಕೊಳ್ಳಲು ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದಾರೆ. ಕಾಲು, ಭುಜ, ಬೆನ್ನು ಎಲ್ಲೇ ಪೆಟ್ಟಾಗಿರಲಿ, ಹೋಗುವಾಗ ನಿಮ್ಮ ಹೆಸರನ್ನೂ ಫೋನ್ ನಂಬರನ್ನೂ ಬರೆದು ಹೋಗಿ.